ಜಗಳ, ಗುಡುಗು, ಅಪಘಾತ, ಸಾವು: 'ಆಗುವ' ಪದಗಳನ್ನು ಪುಟ್ಟ ಮಕ್ಕಳಿಗೆ ಅರ್ಥ ಮಾಡಿಸುವುದು ಹೇಗೆ?

ಕುರ್ಚಿ, ಚೆಂಡು, ಮೂಗು ಇಂಥವನ್ನು ಮಗುವಿಗೆ ಕಲಿಸುವುದು ಯಾರಿಗೂ ಕಷ್ಟ ಅನ್ನಿಸುವುದಿಲ್ಲ. ಬೆರಳು ತೋರಿಸಿ ಹೆಸರು ಹೇಳಿದರೆ ಆಯ್ತು. ತೊಂದರೆ ಶುರುವಾಗುವುದು 'ಅಪಘಾತ ಅಂದ್ರೆ ಏನು?', 'ಸಭೆ ಅಂದ್ರೆ ಏನು?' ಎಂದು ಮಗು ಕೇಳಿದಾಗ. ಇಲ್ಲಿ ಬಹಳ ಜನ ಒಂದೇ ಜಾಗದಲ್ಲಿ ಎಡವುತ್ತಾರೆ. ಒಂದು ಪದಕ್ಕೆ ಇನ್ನೊಂದು ಪದ ಕೊಡುತ್ತಾರೆ. 'ಅಪಘಾತ ಅಂದ್ರೆ ಆಕ್ಸಿಡೆಂಟು', 'ಸಭೆ ಅಂದ್ರೆ ಮೀಟಿಂಗು'. ಮಗು ಹೂಂ ಅಂದು ಸುಮ್ಮನಾಗುತ್ತದೆ. ಮರುದಿನ ಮತ್ತೆ ಅದೇ ಪ್ರಶ್ನೆ.

ಆಗುವ ಸಂಗತಿಗೆ ಬೆರಳು ತೋರಿಸಲು ಬರುವುದಿಲ್ಲ. ತೋರಿಸುವಷ್ಟರಲ್ಲಿ ಅದು ಮುಗಿದೇ ಹೋಗಿರುತ್ತದೆ. 'ನೋಡು, ಜಗಳ' ಎಂದರೆ ಮಗುವಿಗೆ ಕಾಣುವುದು ಇಬ್ಬರು ಮನುಷ್ಯರು. 'ಹುಟ್ಟುಹಬ್ಬ' ಎಂದರೆ ಕಾಣುವುದು ಬಲೂನು. ಆಮೇಲೆ ಎಲ್ಲಿ ಬಲೂನು ಕಂಡರೂ ಅದು 'ಹುಟ್ಟುಹಬ್ಬ!' ಎಂದು ಕೂಗುತ್ತದೆ. ಮಗುವಿನ ಲೆಕ್ಕ ಸರಿಯಾಗಿಯೇ ಇದೆ, ನಾವು ತೋರಿಸಿದ್ದೇ ಅಷ್ಟು.

ಹಾಗಾಗಿ ಇಂಥ ಪದಕ್ಕೆ ಅರ್ಥ ಹೇಳಲು ಹೋಗಬೇಡಿ. ಅದರ ಶುರು ಎಲ್ಲಿ, ನಡುವೆ ಏನಾಗುತ್ತದೆ, ಕೊನೆ ಎಲ್ಲಿ ಎಂದು ಮಗುವಿಗೆ ಕಾಣಿಸಿ. ಕೆಳಗಿನ ಹಂತಗಳೆಲ್ಲ ಇದಕ್ಕಾಗಿಯೇ ಇವೆ. ಇವು ಸುಮಾರು 2ರಿಂದ 6 ವರ್ಷದ ಮಕ್ಕಳಿಗೆ. ಹಂತಗಳ ಕ್ರಮ ತಪ್ಪಿಸಬೇಡಿ, ಹೆಚ್ಚಿನವರು ಸೋಲುವುದು ಅಲ್ಲೇ.

## ಮೊದಲು ಇವನ್ನು ಹೊಂದಿಸಿಟ್ಟುಕೊಳ್ಳಿ

ಅಂಗೈ ಅಗಲದ ದಪ್ಪ ಕಾಗದದ ಚೀಟಿಗಳು ಒಂದು ಹತ್ತಿಪ್ಪತ್ತು. ಒಂದು ಪೆನ್ಸಿಲ್. ಎರಡು ಮೂರು ಬೊಂಬೆ. ಬೊಂಬೆ ಇಲ್ಲದಿದ್ದರೆ ಮರದ ತುಂಡಾದರೂ ಸರಿ. ಒಂದು ಮಾರುದ್ದದ ದಾರ, ಬಟ್ಟೆ ಒಣಗಿಸುವ ಕ್ಲಿಪ್ಪುಗಳು ಏಳು. ಒಂದು ಟಾರ್ಚು. ಇಷ್ಟೇ.

ಚಿತ್ರ ಬರೆಯಲು ಬರುವುದಿಲ್ಲ ಎಂದು ಹಿಂಜರಿಯಬೇಡಿ. ಒಂದು ಗುಂಡು ತಲೆ, ನಾಲ್ಕು ಗೆರೆ ಎಳೆದರೆ ಮನುಷ್ಯ. ಮಗುವಿಗೆ ಅಷ್ಟು ಸಾಕು. ಅಂಗಡಿಯ ಚಿತ್ರದ ಕಾರ್ಡುಗಳನ್ನು ಮಾತ್ರ ಈ ಕೆಲಸಕ್ಕೆ ಬಳಸಬೇಡಿ. ಅದರಲ್ಲಿ ಒಂದು ಪದಕ್ಕೆ ಒಂದೇ ಚಿತ್ರ ಇರುತ್ತದೆ. ಒಂದೇ ಚಿತ್ರದಲ್ಲಿ ವಸ್ತು ಕಾಣುತ್ತದೆ, ಆಗುವುದು ಕಾಣುವುದಿಲ್ಲ.

## 1. ಪದಗಳನ್ನು ಸಾಲಿಗೆ ಹಚ್ಚಿ

ಎಲ್ಲ ಆಗುವ ಪದಗಳೂ ಒಂದೇ ತೂಕದವಲ್ಲ. ನಾನು ಅವನ್ನು ನಾಲ್ಕು ಗುಂಪು ಮಾಡಿಕೊಳ್ಳುತ್ತೇನೆ.

ಮೊದಲನೆಯದು ಕಣ್ಣೆದುರೇ ಆಗಿ ಮುಗಿಯುವಂಥವು: ಬಿತ್ತು, ಒಡೆಯಿತು, ಚೆಲ್ಲಿತು, ಹರಿಯಿತು, ಆರಿತು. ಎರಡು ವರ್ಷದ ಮಗುವಿಗೆ ಇವೇ ಸಾಕು. ಎರಡನೆಯದು ಸ್ವಲ್ಪ ಹೊತ್ತು ನಡೆಯುವಂಥವು: ಮಳೆ, ಸ್ನಾನ, ಜಗಳ, ಓಟ. ಮೂರನೆಯದರಲ್ಲಿ ಹಲವು ಭಾಗಗಳಿರುತ್ತವೆ: ಪ್ರಯಾಣ, ಹುಟ್ಟುಹಬ್ಬ, ಸ್ಪರ್ಧೆ, ಸಭೆ, ಮದುವೆ. ನಾಲ್ಕನೆಯದು ಇವೆಲ್ಲವನ್ನೂ ಒಳಗೆ ಹಾಕಿಕೊಳ್ಳುವ ಪದಗಳು: ಘಟನೆ, ಕಾರ್ಯಕ್ರಮ, ಸಂದರ್ಭ.

ಮಗು ಯಾವ ಗುಂಪಿನ ಪದಗಳನ್ನು ತಾನಾಗಿ ಆಡುತ್ತಿದೆಯೋ, ಅದರ ಮುಂದಿನ ಗುಂಪಿನಿಂದ ಪದ ಆರಿಸಿ. 'ಬಿತ್ತು' ಎನ್ನುವ ಮಗುವಿಗೆ 'ಮಳೆ ಬಂತು, ಮಳೆ ನಿಂತಿತು'. 'ಜಗಳ ಆಯ್ತು' ಎನ್ನುವ ಮಗುವಿಗೆ 'ಸ್ಪರ್ಧೆ'. ಗುಂಪು ಹಾರಿಸಿ 'ಘಟನೆ'ಗೆ ಕೈ ಹಾಕಿದರೆ ನಿಮ್ಮ ಶ್ರಮ ದಂಡ. ಒಂದು ವಾರಕ್ಕೆ ಎರಡು ಹೊಸ ಪದ ಸಾಕು, ಅದಕ್ಕಿಂತ ಜಾಸ್ತಿ ಬೇಡ.

ಇನ್ನೊಂದು ಮಾತು. ಪದವನ್ನು ಒಂಟಿಯಾಗಿ ಕೊಡಬೇಡಿ, ಅದರ ಜೊತೆ ಬರುವ ಕ್ರಿಯಾಪದದ ಸಮೇತ ಕೊಡಿ. ಮಳೆ *ಬರುತ್ತೆ*, ಗಾಳಿ *ಬೀಸುತ್ತೆ*, ಜಗಳ *ಆಗುತ್ತೆ*, ಸಭೆ *ನಡೆಯುತ್ತೆ*, ಸಿಡಿಲು *ಬಡಿಯುತ್ತೆ*, ಗ್ರಹಣ *ಹಿಡಿಯುತ್ತೆ*, ಗ್ರಹಣ *ಬಿಡುತ್ತೆ*. ಈ ಜೋಡಿಯಲ್ಲೇ ಅರ್ಧ ಅರ್ಥ ಇದೆ. 'ಜಗಳ' ಎಂದಷ್ಟೇ ಕೇಳಿದ ಮಗು ಅದನ್ನು ಯಾವುದೋ ವಸ್ತು ಎಂದುಕೊಳ್ಳಬಹುದು. 'ಜಗಳ ಆಯ್ತು, ಜಗಳ ನಿಂತಿತು' ಎಂದು ಕೇಳಿದ ಮಗುವಿಗೆ ಅದು ಶುರುವಾಗಿ ಮುಗಿಯುವ ಸಂಗತಿ ಎಂದು ಕಿವಿಯಿಂದಲೇ ತಿಳಿಯುತ್ತದೆ.

## 2. ಆಗುವ ಮುಂಚೆಯೇ ಪದ ಹೇಳಿ

ನಾವು ಸಾಮಾನ್ಯವಾಗಿ ಆದ ಮೇಲೆ ಹೆಸರು ಹೇಳುತ್ತೇವೆ. ಇದನ್ನು ತಿರುಗಿಸಿ. ಮನಶ್ಶಾಸ್ತ್ರಜ್ಞರಾದ ಮೈಕೆಲ್ ಟೊಮಸೆಲ್ಲೊ ಮತ್ತು ಆನ್ ಕ್ರೂಗರ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವರ್ಷದ ಮಕ್ಕಳಿಗೆ ಹೊಸ ಕ್ರಿಯಾಪದ ಹೇಳಿಕೊಟ್ಟು ನೋಡಿದರು. ಕೆಲಸ ನಡೆಯುತ್ತಿರುವಾಗ ಪದ ಕೇಳಿದ ಮಕ್ಕಳಿಗಿಂತ, ಇನ್ನೇನು ಆಗಲಿದೆ ಎನ್ನುವಾಗ ಕೇಳಿದ ಮಕ್ಕಳೇ ಚೆನ್ನಾಗಿ ಕಲಿತರು. ಪದ ಮೊದಲೇ ಕಿವಿಗೆ ಬಿದ್ದರೆ ಮಗು ಕಾಯುತ್ತದೆ. ಕಾಯುವಾಗ ಗಮನ ಇರುತ್ತದೆ.

ಮಾಡುವುದು ಹೀಗೆ. ಬಕೆಟ್ ತುಂಬುತ್ತಿದೆ ಅಂದುಕೊಳ್ಳಿ. ನೀರು ಅಂಚಿಗೆ ಬಂದಾಗ ಮಗುವನ್ನು ಪಕ್ಕಕ್ಕೆ ಕರೆದು 'ಈಗ ಚೆಲ್ಲುತ್ತೆ ನೋಡು' ಎನ್ನಿ. ಸುಮ್ಮನಿರಿ. ನೀರು ಅಂಚಿನಲ್ಲಿ ಉಬ್ಬುತ್ತದೆ, ನಡುಗುತ್ತದೆ, ಒಂದು ಕಡೆಯಿಂದ ಇಳಿಯುತ್ತದೆ. ಮಗುವಿನ ಕಣ್ಣು ಅಲ್ಲೇ ಇರುತ್ತದೆ. 'ಚೆಲ್ಲಿತು!' ಎನ್ನಿ. ನಲ್ಲಿ ನಿಲ್ಲಿಸಿ. ಅಷ್ಟೇ.

ದೊಡ್ಡ ಸಂಗತಿಗಾದರೆ ಹಿಂದಿನ ದಿನ ಮತ್ತು ಹೊರಡುವ ಮುಂಚೆ ಎರಡು ಸಲ ಹೇಳಿ. 'ನಾಳೆ ಶಾಲೆಯಲ್ಲಿ ಓಟದ ಸ್ಪರ್ಧೆ ಇದೆ. ಮಕ್ಕಳೆಲ್ಲ ಗೆರೆ ಹತ್ತಿರ ನಿಲ್ತಾರೆ. ಸೀಟಿ ಊದ್ತಾರೆ. ಎಲ್ಲರೂ ಓಡ್ತಾರೆ. ಯಾರು ಮೊದಲು ಮುಟ್ತಾರೆ ಅಂತ ನೋಡ್ತಾರೆ.' ನಾಲ್ಕೈದು ಪುಟ್ಟ ವಾಕ್ಯ ಮೀರಬೇಡಿ. ಗೆದ್ದರೆ ಏನು, ಸೋತರೆ ಏನು ಎಂಬ ಉಪದೇಶ ಈಗ ಬೇಡ.

## 3. ಆಗುವಾಗ ಕಡಿಮೆ ಮಾತಾಡಿ

ಸಂಗತಿ ನಡೆಯುವಾಗ ಪಕ್ಕದಲ್ಲಿ ವಿವರಣೆ ಕೊಡುತ್ತಲೇ ಇದ್ದರೆ ಮಗುವಿಗೆ ನೋಡಲೂ ಆಗುವುದಿಲ್ಲ, ಕೇಳಲೂ ಆಗುವುದಿಲ್ಲ. ಶುರುವಾದಾಗ ಒಂದು ಮಾತು, ಮುಗಿದಾಗ ಒಂದು ಮಾತು. 'ಶುರುವಾಯ್ತು.' 'ಮುಗೀತು.' ನಡುವೆ ಮಗು ಕೇಳಿದರೆ ಮಾತ್ರ ಉತ್ತರ ಕೊಡಿ.

ಮುಗಿದದ್ದನ್ನು ಹೇಳುವುದು ಹಲವರಿಗೆ ಮರೆತೇ ಹೋಗುತ್ತದೆ. ಮದುವೆ ಮನೆಯಿಂದ ಅಥವಾ ಸಭೆಯಿಂದ ನಾವು ಸುಮ್ನೆ ಎದ್ದು ಬಂದುಬಿಡುತ್ತೇವೆ. ಎಲ್ಲಿ ಮುಗಿಯಿತು ಎಂದು ಮಗುವಿಗೆ ತಿಳಿಯುವುದೇ ಇಲ್ಲ. ಬಾಗಿಲು ದಾಟುವಾಗ 'ಸಭೆ ಮುಗೀತು, ಎಲ್ಲರೂ ಮನೆಗೆ ಹೋಗ್ತಿದ್ದಾರೆ' ಎಂದು ಹೇಳಿಯೇ ಹೊರಡಿ.

## 4. ಮೂರು ಚೀಟಿಯಲ್ಲಿ ಮತ್ತೆ ಹೇಳಿ

ಇಡೀ ವಿಧಾನದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಹಂತ ಇದು. ಸಮಯ ಕಡಿಮೆ ಇದ್ದರೆ ಬೇರೆ ಯಾವುದನ್ನಾದರೂ ಚಿಕ್ಕದು ಮಾಡಿ, ಇದನ್ನು ಮಾತ್ರ ಚಿಕ್ಕದು ಮಾಡಬೇಡಿ.

ಅದೇ ದಿನ, ಸಂಜೆಯಾದರೂ ಸರಿ, ಮೂರು ಚೀಟಿ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಆಗುವ ಮುಂಚೆ ಹೇಗಿತ್ತು ಎಂದು ಬರೆಯಿರಿ. ಎರಡನೆಯದರಲ್ಲಿ ಏನಾಯ್ತು. ಮೂರನೆಯದರಲ್ಲಿ ಆದ ಮೇಲೆ ಹೇಗಿದೆ. ಅಕ್ಷರ ಬೇಡ, ಚಿತ್ರ ಮಾತ್ರ. ಅಕ್ಕ ತಮ್ಮನ ಜಗಳವನ್ನೇ ತೆಗೆದುಕೊಳ್ಳಿ:

ಮೊದಲ ಚೀಟಿ: ಒಂದು ಚೆಂಡು, ಎರಡು ಪಕ್ಕ ಇಬ್ಬರು ಮಕ್ಕಳು. 'ಇಬ್ಬರಿಗೂ ಚೆಂಡು ಬೇಕಿತ್ತು.'
ಎರಡನೇ ಚೀಟಿ: ಇಬ್ಬರ ಬಾಯೂ ದೊಡ್ಡದು, ಕೈ ಚೆಂಡಿನ ಮೇಲೆ. 'ನಂದು, ನಂದು ಅಂತ ಕೂಗಿದ್ರು. ಜಗಳ ಆಯ್ತು.'
ಮೂರನೇ ಚೀಟಿ: ಒಬ್ಬರು ಎಸೆಯುತ್ತಿದ್ದಾರೆ, ಇನ್ನೊಬ್ಬರು ಹಿಡಿಯುತ್ತಿದ್ದಾರೆ. 'ಜಗಳ ನಿಂತಿತು.'

ಮೊದಲ ಸಲ ನೀವೇ ಜೋಡಿಸಿ ಹೇಳಿ. ಎರಡನೇ ಸಲ ನೀವು ಹೇಳಿ, ಮಗು ಜೋಡಿಸಲಿ. ಮೂರನೇ ಸಲ ಮಗುವೇ ಜೋಡಿಸಿ ಹೇಳಲಿ. ಒಂದೇ ದಿನ ಮೂರೂ ಆಗಬೇಕೆಂದಿಲ್ಲ.

ಮಗು ಚೀಟಿಯನ್ನು ಹಿಂದುಮುಂದು ಮಾಡಿ ಇಟ್ಟರೆ 'ತಪ್ಪು' ಎನ್ನಬೇಡಿ. ಅದು ಇಟ್ಟ ಕ್ರಮದಲ್ಲೇ ಓದಿ: 'ಮೊದಲು ಜಗಳ ಆಯ್ತು. ಆಮೇಲೆ ಚೆಂಡು ಬೇಕು ಅಂದ್ರು.' ತುಸು ನಿಲ್ಲಿ. ಬಹುಪಾಲು ಮಕ್ಕಳು ತಾವೇ ಕೈ ಹಾಕಿ ಸರಿ ಮಾಡುತ್ತಾರೆ. ಮಾಡದಿದ್ದರೆ ಚೀಟಿಯನ್ನು ಎರಡಕ್ಕೆ ಇಳಿಸಿ, 'ಮುಂಚೆ' ಮತ್ತು 'ಆಮೇಲೆ' ಮಾತ್ರ ಉಳಿಸಿಕೊಳ್ಳಿ.

ಮಾತಿನಲ್ಲಿ ನೆನಪಿಸುವಾಗಲೂ ಒಂದು ಎಚ್ಚರ ಬೇಕು. 'ಜಗಳ ಆಯ್ತಲ್ಲ, ಅಲ್ವಾ?' ಎಂದರೆ ಮಗು ತಲೆ ಆಡಿಸಿ ಮುಗಿಸುತ್ತದೆ. 'ಏನಾಯ್ತು?', 'ಆಮೇಲೆ?', 'ಯಾರು ಬಂದ್ರು?' ಎಂದು ಕೇಳಿ. ಮಗು ಒಂದು ಪದ ಹೇಳಿದರೆ ನೀವು ಅದಕ್ಕೆ ಇನ್ನೆರಡು ಪದ ಸೇರಿಸಿ ವಾಕ್ಯ ಮಾಡಿ ವಾಪಸ್ ಕೊಡಿ. 'ಕೂಗಿದ' ಎಂದರೆ 'ಹೌದು, ತಮ್ಮ ಜೋರಾಗಿ ಕೂಗಿದ. ಆಮೇಲೆ?'

## 5. ಅದೇ ಪದ, ಬೇರೆ ಜಾಗ

ಒಂದೇ ಸಲ ನೋಡಿದ್ದರಿಂದ ಮಗುವಿಗೆ ಪದದ ಯಾವ ಭಾಗ ಮುಖ್ಯ ಎಂದು ತಿಳಿಯುವುದಿಲ್ಲ. ಬಲೂನಿನ ತೊಂದರೆ ಇದೇ. ಆದ್ದರಿಂದ ಎರಡನೇ ಉದಾಹರಣೆಯಲ್ಲಿ ಕಣ್ಣಿಗೆ ಹೊಡೆಯುವ ವಸ್ತುವನ್ನು ಬೇಕೆಂದೇ ತೆಗೆದುಬಿಡಿ. ಬಲೂನು ಇಲ್ಲದ ಹುಟ್ಟುಹಬ್ಬ. ಬಸ್ಸಿನ ಬದಲು ರೈಲಿನ ಪ್ರಯಾಣ. ಚೆಂಡಿಲ್ಲದ, ಬರೀ ಮಾತಿನ ಜಗಳ. ಓಟದ ಬದಲು ಚಿತ್ರ ಬರೆಯುವ ಸ್ಪರ್ಧೆ.

ಪ್ರತಿ ಸಲ ಬದಲಾಗದೇ ಉಳಿದದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ. 'ಇಲ್ಲಿ ಬಲೂನು ಇಲ್ಲ. ಆದರೂ ಇದು ಹುಟ್ಟುಹಬ್ಬ. ಯಾಕೆ ಗೊತ್ತಾ? ಅಕ್ಕ ಹುಟ್ಟಿದ ದಿನ ಮತ್ತೆ ಬಂದಿದೆ.' ಒಂದು ಪದಕ್ಕೆ ಕನಿಷ್ಠ ಮೂರು ಬೇರೆ ಬೇರೆ ಉದಾಹರಣೆ ಸಿಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ನಿಜವಾಗಿ ನಡೆಯದಿದ್ದರೆ ಬೊಂಬೆಗಳಲ್ಲಿ ಆಡಿಸಿ.

## 6. ಪಕ್ಕದ ಪದದಿಂದ ಬೇರೆ ಮಾಡಿ

ಪದ ಗಟ್ಟಿಯಾಗುವುದು ಅದರ ಪಕ್ಕದ ಪದ ಎದುರಿಗೆ ಬಂದಾಗ. ಮೂರು ಜೋಡಿಗಳು ಎಲ್ಲ ಮನೆಯಲ್ಲೂ ತೊಡಕು ಮಾಡುತ್ತವೆ.

ಬಿತ್ತು, ಬೀಳಿಸಿದೆ. ಲೋಟ ಬಿದ್ದಾಗ ಮಗು 'ಬಿತ್ತು' ಎನ್ನುತ್ತದೆ. ತಾನೇ ತಳ್ಳಿದ್ದರೂ 'ಬಿತ್ತು'. ದೊಡ್ಡವರು ಇದನ್ನು ಸುಳ್ಳು ಎಂದು ಗದರುತ್ತಾರೆ. ತಾನಾಗಿ ಆದದ್ದು ಮತ್ತು ತಾನು ಮಾಡಿದ್ದು ಬೇರೆ ಎಂಬುದು ಆ ವಯಸ್ಸಿಗೆ ಇನ್ನೂ ಸ್ಪಷ್ಟವಾಗಿರುವುದಿಲ್ಲ. ಬೊಂಬೆಗಳನ್ನು ಮೇಜಿನ ಮೇಲಿಟ್ಟು ತೋರಿಸಿ. ಒಂದನ್ನು ಅಂಚಿನಲ್ಲಿಟ್ಟು ಮೇಜು ಅಲ್ಲಾಡಿಸಿ: 'ಬಿತ್ತು.' ಇನ್ನೊಂದನ್ನು ಬೆರಳಿನಿಂದ ತಳ್ಳಿ: 'ನಾನು ಬೀಳಿಸಿದೆ.' ಒಡೆಯಿತು ಮತ್ತು ಒಡೆದೆ, ಚೆಲ್ಲಿತು ಮತ್ತು ಚೆಲ್ಲಿದೆ ಇವನ್ನೂ ಹೀಗೇ ಮಾಡಿ. ಇದನ್ನು ಆಟದ ಹೊತ್ತಿನಲ್ಲಿ ಮಾಡಬೇಕು. ನಿಜವಾಗಿ ಲೋಟ ಒಡೆದ ಸಿಟ್ಟಿನಲ್ಲಿ ಪಾಠ ಶುರು ಮಾಡಿದರೆ ಮಗು ಪದ ಕಲಿಯುವುದಿಲ್ಲ, ಬಚ್ಚಿಡುವುದನ್ನು ಕಲಿಯುತ್ತದೆ.

ಇದು ಗಟ್ಟಿಯಾದ ಮೇಲೆ ಮೂರನೆಯದನ್ನು ಸೇರಿಸಿ: ಕೈ ತಾಗಿ ಬಿತ್ತು. 'ನನ್ನ ಕೈ ತಾಗಿತು, ಆದ್ರೆ ಬೇಕು ಅಂತ ಮಾಡಿಲ್ಲ.' ಅಪಘಾತ ಎಂಬ ಪದ ಮುಂದೆ ಅರ್ಥವಾಗಲು ಇದೇ ಮೆಟ್ಟಿಲು.

ಮಿಂಚು, ಗುಡುಗು, ಸಿಡಿಲು. ದೊಡ್ಡವರೇ ಇವನ್ನು ಕಲಸಿಬಿಡುತ್ತಾರೆ. ಮಿಂಚು ಕಣ್ಣಿಗೆ ಕಾಣುವ ಬೆಳಕು. ಗುಡುಗು ಕಿವಿಗೆ ಕೇಳುವ ಸದ್ದು. ಆ ಮಿಂಚು ನೆಲಕ್ಕೋ ಮರಕ್ಕೋ ಬಡಿದರೆ ಸಿಡಿಲು. ಮೂರೂ ಒಂದೇ ಸಂಗತಿಯ ಮೂರು ಮುಖ. ಮಳೆಗಾಲದ ಸಂಜೆ ಮನೆಯೊಳಗೆ, ಕಿಟಕಿಯಿಂದ ದೂರ ಕೂತು ಎಣಿಸಿ. ಮಿಂಚು ಕಂಡ ಕೂಡಲೇ ಒಂದು, ಎರಡು, ಮೂರು ಎಂದು ಸೆಕೆಂಡಿಗೊಂದರಂತೆ ಗುಡುಗು ಕೇಳುವವರೆಗೆ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು. ಹಾಗಾಗಿ 9 ಎಣಿಸಿದರೆ ಸುಮಾರು 3 ಕಿಲೋಮೀಟರ್ ದೂರ. ಮಗುವಿಗೆ ಲೆಕ್ಕ ಬೇಕಿಲ್ಲ, 'ಜಾಸ್ತಿ ಎಣಿಸಿದ್ರೆ ದೂರ, ಬೇಗ ಕೇಳಿದ್ರೆ ಹತ್ತಿರ' ಅಂದರೆ ಸಾಕು. ಎಣಿಸುವ ಕೆಲಸ ಸಿಕ್ಕಾಗ ಹೆದರಿಕೆಯೂ ಎಷ್ಟೋ ಕಡಿಮೆಯಾಗುತ್ತದೆ. ಹೊರಗಿದ್ದಾಗ ಮಾತ್ರ ಎಣಿಸುತ್ತಾ ನಿಲ್ಲಬೇಡಿ. ಗುಡುಗು ಕೇಳಿದರೆ ಒಳಗೆ ಹೋಗಬೇಕು, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬಾರದು. ಇದನ್ನೂ ಪದದ ಜೊತೆಗೇ ಹೇಳಿಕೊಡಿ.

ಜಗಳ, ಜಗಳದ ಆಟ. ಇಬ್ಬರು ಮಕ್ಕಳು ಉರುಳಾಡುತ್ತಿದ್ದರೆ ಅದು ಯಾವುದು? ಮುಖ ನೋಡಲು ಕಲಿಸಿ. ಇಬ್ಬರೂ ನಗುತ್ತಿದ್ದರೆ ಆಟ. ಒಬ್ಬರು ಬೇಡ ಎಂದ ಕೂಡಲೇ ಆಟ ಮುಗಿಯಿತು. ಈ ಗುರುತನ್ನು ಇಷ್ಟು ಸರಳವಾಗಿ ಕೊಟ್ಟರೆ ಮಗು ಅದನ್ನು ತನ್ನ ಆಟದಲ್ಲೂ ಬಳಸುತ್ತದೆ.

## 7. ನಿನ್ನೆ, ನಾಳೆ, ಆಮೇಲೆ

ಆಗುವ ಪದಕ್ಕೆ ಕಾಲ ಅಂಟಿಕೊಂಡೇ ಇರುತ್ತದೆ. ಮೂರು ವರ್ಷದ ಮಗು ಹೋದ ತಿಂಗಳ ಪ್ರಯಾಣಕ್ಕೂ 'ನಿನ್ನೆ' ಎನ್ನುತ್ತದೆ. ತಿದ್ದುವ ಅವಸರ ಬೇಡ. 'ನಿನ್ನೆ' ಎಂದರೆ ಆಗಿ ಹೋದದ್ದು, 'ನಾಳೆ' ಎಂದರೆ ಇನ್ನೂ ಆಗದ್ದು ಎಂಬಷ್ಟು ಮೊದಲು ಬರುತ್ತದೆ. ಎಷ್ಟು ಹಿಂದೆ, ಎಷ್ಟು ಮುಂದೆ ಎಂಬುದು ಗಟ್ಟಿಯಾಗಲು ಇನ್ನೂ ಕೆಲವು ವರ್ಷ ಬೇಕು. 'ಮೊನ್ನೆ', 'ನಾಡಿದ್ದು' ಅದರ ನಂತರ.

ದಾರ ಇಲ್ಲಿ ಕೆಲಸಕ್ಕೆ ಬರುತ್ತದೆ. ಗೋಡೆಗೆ ಅಡ್ಡಲಾಗಿ ಕಟ್ಟಿ ಏಳು ಕ್ಲಿಪ್ಪು ಹಾಕಿ, ದಿನಕ್ಕೊಂದು. ರಾತ್ರಿ ಮಲಗುವ ಮುಂಚೆ ಆ ದಿನದ ಒಂದು ಸಂಗತಿಯ ಚೀಟಿ ಸಿಕ್ಕಿಸಿ. ಮುಂದೆ ಬರುವ ಸಂಗತಿಯ ಚೀಟಿಯನ್ನೂ ಅದರ ಕ್ಲಿಪ್ಪಿಗೆ ಮೊದಲೇ ಹಾಕಿಡಿ. ಇವತ್ತಿನ ಕ್ಲಿಪ್ಪಿಗೆ ಒಂದು ಬಣ್ಣದ ದಾರ ಕಟ್ಟಿ, ದಿನಾ ಬೆಳಿಗ್ಗೆ ಮಗುವೇ ಅದನ್ನು ಮುಂದಿನದಕ್ಕೆ ಕಟ್ಟಲಿ. ಎಡಗಡೆ ಇರುವುದೆಲ್ಲ ಆಗಿದೆ, ಬಲಗಡೆಯದು ಆಗಬೇಕು. 'ಅಜ್ಜಿ ಯಾವಾಗ ಬರ್ತಾರೆ?' ಎಂದು ಮಗು ಇಪ್ಪತ್ತು ಸಲ ಕೇಳಿದರೂ ಉತ್ತರ ಗೋಡೆಯ ಮೇಲೇ ಇರುತ್ತದೆ.

ಮಾತಿನ ಕ್ರಮದಲ್ಲೂ ಒಂದು ಸೂಕ್ಷ್ಮ ಇದೆ. ಪುಟ್ಟ ಮಕ್ಕಳು ಮೊದಲು ಕೇಳಿದ್ದೇ ಮೊದಲು ಆಗುತ್ತದೆ ಎಂದುಕೊಳ್ಳುತ್ತಾರೆ. 'ಆಟಕ್ಕೆ ಹೋಗೋ ಮುಂಚೆ ಕೈ ತೊಳಿ' ಎಂದರೆ ಆಟ ಮೊದಲು ಕೇಳಿಸಿತು, ಮಗು ಆಟಕ್ಕೇ ಓಡುತ್ತದೆ. 'ಕೈ ತೊಳೆದ ಮೇಲೆ ಆಟ' ಎನ್ನಿ. ಹೇಳುವ ಕ್ರಮವೂ ಮಾಡುವ ಕ್ರಮವೂ ಒಂದೇ ಆಗುತ್ತದೆ. ನಾಲ್ಕು ವರ್ಷದವರೆಗೆ 'ಮೇಲೆ'ಯಲ್ಲೇ ಹೇಳಿ. ಐದರ ಹೊತ್ತಿಗೆ 'ಮುಂಚೆ' ಸೇರಿಸಿ. ಮಾತು ಕೇಳುವುದಿಲ್ಲ ಎನ್ನಿಸಿಕೊಂಡ ಎಷ್ಟೋ ಮಕ್ಕಳಿಗೆ ನಿಜವಾಗಿ ಅರ್ಥವಾಗದೇ ಉಳಿದದ್ದು ಇದೊಂದೇ ಪದ.

## 8. ಹೆದರಿಸುವ ಪದಗಳು

ಅಪಘಾತ, ಭೂಕಂಪ, ಪ್ರವಾಹ, ಸಾವು. ಇವನ್ನು ನಾವು ಆರಿಸುವುದಿಲ್ಲ, ಅವೇ ಮನೆಗೆ ಬರುತ್ತವೆ. ಮಗು ಕೇಳಿದ ದಿನವೇ ಉತ್ತರ ಕೊಡಬೇಕು. 'ದೊಡ್ಡವನಾದ ಮೇಲೆ ಗೊತ್ತಾಗುತ್ತೆ' ಎಂದರೆ ಮಗು ತನ್ನದೇ ಅರ್ಥ ಕಟ್ಟಿಕೊಳ್ಳುತ್ತದೆ, ಅದು ನಿಜಕ್ಕಿಂತ ಜಾಸ್ತಿ ಹೆದರಿಸುತ್ತದೆ.

ಮೊದಲು ಮಗುವನ್ನೇ ಕೇಳಿ: 'ನೀನು ಏನು ಕೇಳಿಸಿಕೊಂಡೆ?' ಆಮೇಲೆ ಮೂರು ವಾಕ್ಯ: ಏನಾಯ್ತು, ಯಾಕಾಯ್ತು, ಈಗ ಯಾರು ಏನು ಮಾಡುತ್ತಿದ್ದಾರೆ. 'ಎರಡು ಗಾಡಿ ಡಿಕ್ಕಿ ಹೊಡೆದವು. ಯಾರೂ ಬೇಕು ಅಂತ ಮಾಡಿಲ್ಲ, ರಸ್ತೆ ಜಾರ್ತಿತ್ತು. ಗಾಯ ಆದವರನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರು.' ಮೂರನೇ ವಾಕ್ಯ ಬಿಡಬೇಡಿ. ಅದಿಲ್ಲದಿದ್ದರೆ ಮಗುವಿನ ತಲೆಯಲ್ಲಿ ಅಪಘಾತ ಮುಗಿಯುವುದೇ ಇಲ್ಲ.

ಭೂಕಂಪಕ್ಕೆ ಒಂದು ತಟ್ಟೆಯ ಮೇಲೆ ಮರದ ತುಂಡುಗಳನ್ನು ನಿಲ್ಲಿಸಿ ಮೆಲ್ಲಗೆ ಅಲ್ಲಾಡಿಸಿ. 'ನೆಲದ ತುಂಬಾ ಕೆಳಗೆ ದೊಡ್ಡ ದೊಡ್ಡ ಬಂಡೆ ಇವೆ. ಅವು ಜಾರಿದಾಗ ಮೇಲೆ ನೆಲ ನಡುಗುತ್ತೆ.' ಬಹುಪಾಲು ಭೂಕಂಪಗಳ ನಡುಕ ಒಂದು ನಿಮಿಷದೊಳಗೆ ನಿಲ್ಲುತ್ತದೆ ಎಂದು ತಟ್ಟೆ ನಿಲ್ಲಿಸಿ ತೋರಿಸಿ. ಗಟ್ಟಿ ಮೇಜಿನ ಕೆಳಗೆ ಕೂತು ತಲೆ ಮುಚ್ಚಿಕೊಂಡು ಮೇಜಿನ ಕಾಲು ಹಿಡಿಯುವುದನ್ನು ಒಮ್ಮೆ ಆಡಿ ನೋಡಿ. ಸೂರ್ಯಗ್ರಹಣಕ್ಕೆ ಟಾರ್ಚು ಮತ್ತು ಎರಡು ಚೆಂಡು ಸಾಕು. ಟಾರ್ಚು ಸೂರ್ಯ, ದೊಡ್ಡ ಚೆಂಡು ಭೂಮಿ, ಚಿಕ್ಕದು ಚಂದ್ರ, ಚಿಕ್ಕದು ಬೆಳಕಿಗೆ ಅಡ್ಡ ಬಂದಾಗ ದೊಡ್ಡದರ ಮೇಲೆ ನೆರಳು ಬೀಳುತ್ತದೆ. ನಿಜವಾದ ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು ಎಂಬುದನ್ನು ಜೊತೆಗೇ ಹೇಳಿ.

ಟಿವಿ ಸುದ್ದಿಯ ಬಗ್ಗೆ ಎಚ್ಚರ ಇರಲಿ. ಒಂದೇ ದೃಶ್ಯ ಹತ್ತು ಸಲ ಬಂದರೆ ಪುಟ್ಟ ಮಕ್ಕಳು ಅದು ಹತ್ತು ಸಲ ಆಯ್ತು ಎಂದುಕೊಳ್ಳಬಹುದು. ಟಿವಿ ಆರಿಸಿ, 'ಇದು ಒಂದೇ ಸಲ ಆಗಿದ್ದು, ಮತ್ತೆ ಮತ್ತೆ ತೋರಿಸ್ತಾರೆ' ಎಂದು ಬಾಯಿಬಿಟ್ಟು ಹೇಳಿ.

ಇನ್ನು ಸಾವು. ಇಲ್ಲಿ ನಾವು ಮೃದುವಾಗಿ ಹೇಳಲು ಹೋಗಿ ಮಗುವನ್ನು ಕಂಗೆಡಿಸುತ್ತೇವೆ. 'ಅಜ್ಜ ಮಲಗಿದ್ದಾರೆ' ಎಂದರೆ ಮಗುವಿಗೆ ನಿದ್ದೆಯ ಭಯ ಹತ್ತಬಹುದು. 'ಅಜ್ಜ ಹೋಗಿಬಿಟ್ಟರು' ಎಂದರೆ ಅದು ಬಾಗಿಲು ಕಾಯುತ್ತದೆ. ನಾವು ದಿನಾ 'ಹೋಗಿ ಬರ್ತೀನಿ' ಎನ್ನುತ್ತೇವಲ್ಲ, ಹೋದವರು ಬರುತ್ತಾರೆ ಎಂದೇ ಮಗುವಿನ ಅನುಭವ. 'ತೀರಿಕೊಂಡರು' ಅದಕ್ಕೆ ಏನೂ ಹೇಳುವುದಿಲ್ಲ. 'ಅಜ್ಜ ಸತ್ತುಹೋದರು' ಎನ್ನಿ. ನಮ್ಮ ಕಿವಿಗೆ ಒರಟು ಅನ್ನಿಸಬಹುದು, ಮಗುವಿಗೆ ಈ ಪದವೇ ಬೇಕು.

ಅದರ ಅರ್ಥವನ್ನು ಒಂದೊಂದಾಗಿ, ಬೇರೆ ಬೇರೆ ದಿನ ಹೇಳಿದರೂ ಸರಿ. ದೇಹ ಕೆಲಸ ಮಾಡುವುದು ನಿಂತಿದೆ. ಉಸಿರಾಡುವುದಿಲ್ಲ, ಹಸಿವಿಲ್ಲ, ನೋವಿಲ್ಲ. ಮತ್ತೆ ಶುರುವಾಗುವುದಿಲ್ಲ. ಬದುಕಿರುವ ಎಲ್ಲದಕ್ಕೂ ಒಂದು ದಿನ ಹೀಗೆ ಆಗುತ್ತದೆ. ಐದು ವರ್ಷದೊಳಗಿನ ಹೆಚ್ಚಿನ ಮಕ್ಕಳು ಸತ್ತವರು ವಾಪಸ್ ಬರಬಹುದು ಎಂದುಕೊಂಡಿರುತ್ತಾರೆ. ಬಹುಪಾಲು ಮಕ್ಕಳಿಗೆ 5ರಿಂದ 7 ವರ್ಷದ ನಡುವೆ ಇದು ಅರ್ಥವಾಗುತ್ತಾ ಬರುತ್ತದೆ. ಆದ್ದರಿಂದ 'ಅಜ್ಜ ಯಾವಾಗ ಬರ್ತಾರೆ?' ಎಂದು ಮತ್ತೆ ಮತ್ತೆ ಕೇಳುವುದು ಸಹಜ. ಪ್ರತಿ ಸಲ ಅದೇ ಪದಗಳಲ್ಲಿ ಅದೇ ಉತ್ತರ ಕೊಡಿ.

ಎರಡು ಮಾತನ್ನು ಮಗು ಕೇಳದಿದ್ದರೂ ನೀವಾಗಿಯೇ ಹೇಳಿ. ಒಂದು: 'ಅಜ್ಜನಿಗೆ ಆಗಿದ್ದು ತುಂಬಾ ತುಂಬಾ ದೊಡ್ಡ ಕಾಯಿಲೆ. ನಮಗೆ ಬರೋ ನೆಗಡಿ ಜ್ವರದ ಥರ ಅಲ್ಲ.' ಇಲ್ಲದಿದ್ದರೆ ಮುಂದಿನ ಜ್ವರಕ್ಕೆ ಮಗು ನಡುಗುತ್ತದೆ. ಇನ್ನೊಂದು: 'ನೀನು ಏನೋ ಮಾಡಿದ್ದಕ್ಕೆ, ಏನೋ ಅಂದಿದ್ದಕ್ಕೆ ಹೀಗಾಗಿಲ್ಲ.' ಈ ವಯಸ್ಸಿನ ಮಕ್ಕಳು ತಮ್ಮ ಸಿಟ್ಟಿನಿಂದಲೇ ಕೆಟ್ಟದ್ದಾಯ್ತು ಎಂದು ಒಳಗೊಳಗೇ ನಂಬಿಕೊಂಡಿರುವುದುಂಟು. 'ನೀನೂ ಸಾಯ್ತೀಯಾ ಅಮ್ಮ?' ಎಂದು ಕೇಳಿದರೆ ಇಲ್ಲ ಎನ್ನಬೇಡಿ. 'ಎಲ್ಲರೂ ಒಂದಿನ ಸಾಯ್ತಾರೆ ಪುಟ್ಟ. ತುಂಬಾ ಜನ ವಯಸ್ಸಾದ ಮೇಲೆ ಸಾಯ್ತಾರೆ. ನಾನು ನಿನ್ನ ಜೊತೆ ತುಂಬಾ ವರ್ಷ ಇರಬೇಕು ಅಂತಾನೇ ಇದ್ದೀನಿ' ಎನ್ನಿ. ಅತ್ತರೂ ಪರವಾಗಿಲ್ಲ, ಯಾಕೆ ಅಳುತ್ತಿದ್ದೀರಿ ಎಂದು ಹೇಳಿ.

## 9. 'ಘಟನೆ', 'ಕಾರ್ಯಕ್ರಮ' ಕೊನೆಗೆ

ಇಷ್ಟು ಹೊತ್ತಿಗೆ ನಿಮ್ಮ ಬಳಿ ಚೀಟಿಗಳ ಕಟ್ಟು ಬೆಳೆದಿರುತ್ತದೆ. ಎಲ್ಲವನ್ನೂ ನೆಲದ ಮೇಲೆ ಹರಡಿ. 'ಇವೆಲ್ಲ ಆಗಿದ್ದು, ಅಲ್ವಾ? ಆಗಿದ್ದಕ್ಕೆಲ್ಲ ಘಟನೆ ಅಂತಾರೆ.' ಅದರಲ್ಲಿ ಜನ ಮೊದಲೇ ಮಾತಾಡಿಕೊಂಡು, ದಿನ ಗೊತ್ತು ಮಾಡಿಕೊಂಡು ನಡೆಸಿದವನ್ನು ಬೇರೆ ಎತ್ತಿಡಿ. ಅವು ಕಾರ್ಯಕ್ರಮ. ಸ್ಪರ್ಧೆ ಕಾರ್ಯಕ್ರಮ, ಜಗಳ ಕಾರ್ಯಕ್ರಮ ಅಲ್ಲ. ಗುಡುಗು ಘಟನೆ, ಕಾರ್ಯಕ್ರಮ ಅಲ್ಲ. ಐದಾರು ವರ್ಷದ ಮಗುವಿಗೆ ಇದು ಹತ್ತು ನಿಮಿಷದ ಆಟ. ಮೂರು ವರ್ಷದ ಮಗುವಿಗೆ ಬೇಡವೇ ಬೇಡ.

## ಅರ್ಥವಾಯಿತೇ ಎಂದು ತಿಳಿಯುವುದು

'ಅರ್ಥ ಆಯ್ತಾ?' ಎಂದು ಕೇಳಬೇಡಿ. ಎಲ್ಲ ಮಕ್ಕಳೂ ಹೂಂ ಎನ್ನುತ್ತಾರೆ. 'ಸ್ಪರ್ಧೆ ಅಂದ್ರೇನು ಹೇಳು' ಎಂದು ಅತಿಥಿಗಳ ಮುಂದೆ ಕೇಳುವುದೂ ಬೇಡ.

ಬೊಂಬೆ ಕೊಟ್ಟು 'ಇವರಿಗೆ ಜಗಳ ಆಗಲಿ, ಆಮೇಲೆ ನಿಲ್ಲಲಿ' ಎನ್ನಿ. ಆಡಿ ತೋರಿಸಿದರೆ ಗೊತ್ತಾಗಿದೆ. ಅಥವಾ ತಪ್ಪು ಹೇಳಿ ನೋಡಿ: 'ಮಳೆ ನಿಂತಿತು, ಛತ್ರಿ ಬಿಚ್ಚೋಣ.' ಮಗು ತಡೆದರೆ ಸರಿ. ಎಲ್ಲಕ್ಕಿಂತ ಒಳ್ಳೆಯ ಗುರುತು, ನೀವು ಹೇಳಿಕೊಡದ ಜಾಗದಲ್ಲಿ ಮಗು ತಾನಾಗಿ ಆ ಪದ ಬಳಸುವುದು.

## ಪದೇ ಪದೇ ಕಾಣುವ ತಪ್ಪುಗಳು

ಮೂರು ಚೀಟಿ ಎಂದರೆ ಹತ್ತು ಚೀಟಿ ಮಾಡುವುದು. ಮಗು ಕಥೆ ಬಿಟ್ಟು ಕಾಗದದ ಜೊತೆ ಆಡುತ್ತದೆ.

ಅದೇ ಸಂಗತಿಗೆ ಮನೆಯವರೆಲ್ಲ ಬೇರೆ ಬೇರೆ ಪದ ಹೇಳುವುದು. ಅಮ್ಮ 'ಜಗಳ', ಅಪ್ಪ 'ಗಲಾಟೆ', ಅಜ್ಜಿ 'ರಂಪ'. ಒಂದು ಪದ ಗಟ್ಟಿಯಾಗುವವರೆಗೆ ಒಂದನ್ನೇ ಇಟ್ಟುಕೊಳ್ಳಿ. ಉಳಿದವು ತಾವಾಗಿ ಬರುತ್ತವೆ.

ಹಸಿವು, ನಿದ್ದೆಯ ಹೊತ್ತಿನಲ್ಲಿ ಕೂರಿಸುವುದು. ಐದು ನಿಮಿಷ ಮೀರಿ ಎಳೆಯುವುದು. ಮಗು ಎದ್ದು ಹೋದರೆ ಹೋಗಲಿ ಬಿಡಿ.

ಮಗುವಿಗೆ ನೋವಾದ ಸಂಗತಿಯನ್ನೇ ಪಾಠಕ್ಕೆ ಬಳಸುವುದು. ಬಿದ್ದು ಮಂಡಿ ತರಚಿದ ದಿನ 'ಬಿತ್ತು' ಕಲಿಸುವ ದಿನ ಅಲ್ಲ. ಮೊದಲು ಎತ್ತಿಕೊಳ್ಳಿ.

## ಈ ಲಕ್ಷಣ ಕಂಡರೆ ತಡ ಮಾಡಬೇಡಿ

ಪದ ಕಲಿಯುವ ವೇಗ ಮಗುವಿನಿಂದ ಮಗುವಿಗೆ ಬೇರೆ. ಆದರೆ ಕೆಲವು ಗುರುತುಗಳನ್ನು 'ನಿಧಾನಕ್ಕೆ ಬರುತ್ತೆ ಬಿಡಿ' ಎಂದು ತಳ್ಳಿಹಾಕಬಾರದು. 16 ತಿಂಗಳಾದರೂ ಒಂದು ಪದವೂ ಬಂದಿಲ್ಲ. 2 ವರ್ಷವಾದರೂ 'ನೀರು ಬೇಕು', 'ಚೆಂಡು ಬಿತ್ತು' ಎಂಬಂತೆ ಎರಡು ಪದ ಜೋಡಿಸಿ ತಾನಾಗಿ ಹೇಳುವುದಿಲ್ಲ. ಬರುತ್ತಿದ್ದ ಪದಗಳು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋಗಿವೆ. ಹೆಸರು ಕರೆದರೆ ತಿರುಗುವುದಿಲ್ಲ. ಇಂಥಲ್ಲಿ ಮಕ್ಕಳ ವೈದ್ಯರನ್ನು ಕಾಣಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದ ಮಗುವಿಗೆ ಎಷ್ಟು ಚೀಟಿ ತೋರಿಸಿದರೂ ಪದ ತಲುಪುವುದಿಲ್ಲ.

ಇನ್ನೊಂದು ಬಗೆಯ ಗುರುತು ಹೆದರಿಸುವ ಸಂಗತಿಗಳಿಗೆ ಸೇರಿದ್ದು. ಅಪಘಾತವನ್ನೋ ಸಾವನ್ನೋ ಹತ್ತಿರದಿಂದ ಕಂಡ ಮಗು ಕೆಲವು ದಿನ ಅದನ್ನೇ ಬೊಂಬೆಗಳಲ್ಲಿ ಆಡುವುದು, ಅಂಟಿಕೊಂಡಿರುವುದು ಸಹಜ. ಒಂದು ತಿಂಗಳಾದರೂ ಕೆಟ್ಟ ಕನಸು ನಿಲ್ಲದಿದ್ದರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬಂದು ಹಾಗೇ ಉಳಿದರೆ, ಆಟವಾಡುವುದನ್ನೇ ಬಿಟ್ಟರೆ ವೈದ್ಯರ ಬಳಿ ಅಥವಾ ಮಕ್ಕಳ ಆಪ್ತಸಮಾಲೋಚಕರ ಬಳಿ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಆ ಸಂಗತಿಯ ಬಗ್ಗೆ ಚೀಟಿ ಮಾಡುವುದು, ಕೆದಕಿ ಕೇಳುವುದು ಬೇಡ. ಮಗು ತಾನಾಗಿ ಮಾತು ತೆಗೆದರೆ ಕೆಲಸ ಬಿಟ್ಟು ಕೂತು ಕೇಳಿ.